ಸಂಕದ ಮೇಲೆ ನೀರು, ಎರಡನೇ ಸಲ ಸೆಲ್ಫ್: ಮಳೆಗಾಲದಲ್ಲಿ ಕಾರು ಬಿಡುವವರು ಸ್ವಲ್ಪ ಹೇಳಿ

ಪೆರ್ಲದ ಅಡಿಕೆ:

ಎಲ್ಲರಿಗೂ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ನಮಸ್ಕಾರ. ನನ್ನ ಕಾರು ಈಗ ಗ್ಯಾರೇಜಿನಲ್ಲಿ ಮಲಗಿದೆ, ಎಂಜಿನ್ ಬಿಚ್ಚಿ ಹಾಕಿದ್ದಾರೆ. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ಬೈಯುವವರು ಬೈಯಬಹುದು, ಮನೆಯಲ್ಲಿ ಒಂದು ಸುತ್ತು ಮುಗಿದಿದೆ.

ಕಳೆದ ವಾರ ಒಂದು ಸಂಜೆ ಅಮ್ಮನ ಮದ್ದು ತರಲು ಬದಿಯಡ್ಕಕ್ಕೆ ಹೋಗಿದ್ದೆ. ಬೆಳಗ್ಗಿನಿಂದ ಒಂದೇ ಸಮ ಮಳೆ. ವಾಪಸ್ ಬರುವಾಗ ಚೆರ್ಕಳ-ಕಲ್ಲಡ್ಕ ರಸ್ತೆ ಬಿಟ್ಟು ನಮ್ಮ ಬೈಲಿಗೆ ಇಳಿಯುವಲ್ಲಿ ಒಂದು ಸಣ್ಣ ಸಂಕ (ಸೇತುವೆ) ಉಂಟು. ತೋಡು ತುಂಬಿ ನೀರು ಸಂಕದ ಮೇಲೆಯೇ ಹೋಗುತ್ತಿತ್ತು. ಎಷ್ಟು ಆಳ ಅಂತ ಕಾಣುವುದಿಲ್ಲ, ಪೂರ್ತಿ ಕೆಂಪು ನೀರು. ನನ್ನ ಕಣ್ಣೆದುರೇ ಒಂದು ಜೀಪು ದಾಟಿ ಹೋಯಿತು. ಅದು ಹೋದದ್ದೇ ನನಗೆ ಧೈರ್ಯ. ಫಸ್ಟ್ ಗೇರಿನಲ್ಲಿ ಇಳಿಸಿದೆ. ಅರ್ಧ ದಾಟುವಾಗ ಹೆದರಿಕೆಯಾಗಿ ಆಕ್ಸಿಲೇಟರ್ ಜೋರು ಒತ್ತಿದೆ. ನೀರು ಬಾನೆಟ್ ಮೇಲೆ ಹಾರಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಸೆಲ್ಫ್ ಹೊಡೆದೆ. "ಟಕ್" ಅಂತ ಒಂದು ಶಬ್ದ. ಇನ್ನೊಮ್ಮೆ ಹೊಡೆದೆ. ಅಷ್ಟೇ. ಆಮೇಲೆ ನೆರೆಕರೆಯವರು ನಾಲ್ಕು ಜನ ಬಂದು ಹಗ್ಗ ಕಟ್ಟಿ ಎಳೆದರು.

ಎಂಜಿನಿನ ಒಳಗೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿದೆಯಂತೆ. ಖರ್ಚನ್ನು ಅಡಿಕೆ ಕಿಲೋ ಲೆಕ್ಕದಲ್ಲಿ ಕೂತು ನೋಡಿದೆ, ರಾತ್ರಿ ನಿದ್ದೆ ಬರಲಿಲ್ಲ. ಡೀಸೆಲ್ ಕಾರು, ಸೆಕೆಂಡ್ ಹ್ಯಾಂಡ್, ತೆಗೆದುಕೊಂಡು ಎಂಟು ತಿಂಗಳು. ಮೊದಲು ಬೈಕು ಮಾತ್ರ ಇತ್ತು, ಹಾಗಾಗಿ ಕಾರಿನಲ್ಲಿ ಇದು ನನ್ನ ಮೊದಲ ಮಳೆಗಾಲ. ಈಗ ಜೂನ್. ಜೋರು ಮಳೆಯ ಆಟಿ ತಿಂಗಳು ಪೂರ್ತಿ ಬಾಕಿ ಉಂಟು. ಕಾರು ಕೈಗೆ ಬಂದ ಮೇಲೆ ಎಂತ ಮಾಡಬೇಕು, ಎಂತ ಮಾಡಬಾರದು? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಗ್ಯಾರೇಜ್ ಬದಿಯಡ್ಕ:

ನೀರಿಗೆ ಇಳಿದದ್ದು ತಪ್ಪು, ಆದರೆ ಅದು ಎಲ್ಲರೂ ಮಾಡುವ ತಪ್ಪು. ಎಂಜಿನ್ ತೆಗೆದದ್ದು ಸೆಲ್ಫ್.

ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಏರ್ ಫಿಲ್ಟರ್ ದಾರಿಯಲ್ಲಿ ಎಳೆದ ನೀರು ಸಿಲಿಂಡರಿನಲ್ಲಿ ನಿಂತಿರುತ್ತದೆ, ಪಿಸ್ಟನ್ ಮೇಲೆ ಬರಲು ಜಾಗವೇ ಇಲ್ಲ. ನೀವು ಸೆಲ್ಫ್ ಹೊಡೆದಾಗ ಸ್ಟಾರ್ಟರ್ ಮೋಟಾರ್ ಅದನ್ನು ಬಲವಂತವಾಗಿ ನೂಕುತ್ತದೆ. ಎರಡರಲ್ಲಿ ಒಂದು ಸೋಲಬೇಕಲ್ವಾ? ನೀರು ಸೋಲುವುದಿಲ್ಲ, ರಾಡ್ ಬಾಗುತ್ತದೆ. ಡೀಸೆಲ್ ಎಂಜಿನಿನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ಪೆಟ್ರೋಲಿಗಿಂತ ಕಡಿಮೆ. ಹಾಗಾಗಿ ಅದಕ್ಕೆ ಸ್ವಲ್ಪ ನೀರು ಸಾಕು.

ನೀರಿನಲ್ಲಿ ನಿಂತ ಗಾಡಿಯ ಕೀ ಮುಟ್ಟಬೇಡಿ. ನ್ಯೂಟ್ರಲ್ ಮಾಡಿ, ದೂಡಿ ಮೇಲೆ ತನ್ನಿ. ಬ್ಯಾಟರಿಯ ನೆಗೆಟಿವ್ ಕಳಚಿ. ಏರ್ ಫಿಲ್ಟರ್ ಡಬ್ಬ ತೆರೆದು ನೋಡಿ, ಒಳಗಿನ ಕಾಗದ ಒದ್ದೆ ಇದ್ದರೆ ಎಂಜಿನಿಗೂ ನೀರು ಹೋಗಿದೆ ಅಂತಲೇ ಲೆಕ್ಕ. ಆಯಿಲ್ ಅಳೆಯುವ ಡಿಪ್ ಸ್ಟಿಕ್ ಎಳೆದು ನೋಡಿ, ಆಯಿಲ್ ಹಾಲು ಹಾಕಿದ ಚಾಯದ ಬಣ್ಣ ಬಂದಿದ್ದರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ. ಹಾಗೆಯೇ ಎಳೆದು ತಂದರೆ ನಾವು ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ಎಂಜಿನನ್ನು ಕೈಯಲ್ಲಿ ತಿರುಗಿಸುತ್ತೇವೆ. ನೀರು ಪಿಚಕಾರಿಯ ಹಾಗೆ ಹೊರಗೆ ಬರುತ್ತದೆ. ಆಯಿಲ್, ಫಿಲ್ಟರ್ ಬದಲು. ಒಂದೆರಡು ದಿನದ ಕೆಲಸ. ನಿಮ್ಮದು ಎಷ್ಟು ದಿನ ಆಯಿತು?

ಪೆರ್ಲದ ಅಡಿಕೆ:

ಇವತ್ತಿಗೆ ಒಂಬತ್ತು. ಇನ್ನೂ ಸ್ಪೇರ್ ಬಂದಿಲ್ಲ.

ಕುಂಬಳೆ ಕಡಲು:

ವಿಮೆ ಎಂತ ಹೇಳಿತು?

ಪೆರ್ಲದ ಅಡಿಕೆ:

ಅದನ್ನು ಕೇಳಬೇಡಿ. ಸರ್ವೇಯರ್ ಬಂದು ನೋಡಿದರು. ಒಳಗೆ ನೀರು ನುಗ್ಗಿ ಹಾಳಾದ ಕಾರ್ಪೆಟ್, ವೈರಿಂಗ್ ಕೊಡಬಹುದು, ಎಂಜಿನ್ ಕೊಡಲಿಕ್ಕಾಗುವುದಿಲ್ಲ ಅಂದರು. ನೀರಿನಿಂದ ಹಾಳಾದದ್ದಲ್ಲ, ಸ್ಟಾರ್ಟ್ ಮಾಡಿ ಹಾಳು ಮಾಡಿದ್ದು ಅಂತ. ಫುಲ್ ಇನ್ಶೂರೆನ್ಸ್ ಅಂತ ನಂಬಿ ಕೂತಿದ್ದೆ.

ಕುಂಬಳೆ ಕಡಲು:

ಫುಲ್ ಅಂತ ಹೆಸರು ಮಾತ್ರ. ಸಾಮಾನ್ಯ ಪಾಲಿಸಿಯಲ್ಲಿ ನೆರೆ ಬಂದು ಆದ ನಷ್ಟ ಸೇರುತ್ತದೆ, ಆದರೆ ಎಂಜಿನಿಗೆ ನೀರು ಹೋಗಿ ಆಮೇಲೆ ಆದ ಹಾನಿಯನ್ನು ಬೇರೆಯೇ ಲೆಕ್ಕ ಹಾಕುತ್ತಾರೆ. ಅದಕ್ಕೆ "ಎಂಜಿನ್ ಪ್ರೊಟೆಕ್ಷನ್" ಅಂತ ಒಂದು ಆಡ್-ಆನ್ ಉಂಟು. ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಬೇಕು. ಗಾಡಿ ಹಳತಾದ ಮೇಲೆ ಅದು ಸಿಗುವುದೂ ಕಷ್ಟ. ನಮ್ಮ ಜಿಲ್ಲೆಯಲ್ಲಿ ಮಳೆ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ. ಇಲ್ಲಿ ಸೀಟ್ ಕವರಿಗೆ ದುಡ್ಡು ಕೊಟ್ಟು ಆ ಒಂದು ಸಾಲನ್ನು ಬಿಡುವುದು ನನಗೆ ಅರ್ಥವಾಗದ ಬುದ್ಧಿ. (ನಾನೂ ಎರಡು ವರ್ಷ ಬಿಟ್ಟಿದ್ದೆ, ಅದು ಬೇರೆ ವಿಷಯ.)

ದುಬೈ ರಿಟರ್ನ್:

ಅಡಿಕೆಯವರೇ, ಜೀಪು ದಾಟಿತು ಅಂತ ಇಳಿದಿರಿ ಅಂದಿರಲ್ಲ, ಅಲ್ಲೇ ಲೆಕ್ಕ ತಪ್ಪಿದ್ದು. ಜೀಪಿನ ಗಾಳಿ ಎಳೆಯುವ ಬಾಯಿ ಎಲ್ಲಿ, ನಿಮ್ಮ ಕಾರಿನದು ಎಲ್ಲಿ? ಬಾನೆಟ್ ಎತ್ತಿ ಏರ್ ಫಿಲ್ಟರ್ ಪೈಪು ಹಿಡಿದು ಹೋದರೆ ಸಿಗುತ್ತದೆ. ಕೆಲವು ಕಾರಿನಲ್ಲಿ ಗ್ರಿಲ್ ಹಿಂದೆ ಮೇಲೆ ಇರುತ್ತದೆ, ಕೆಲವದರಲ್ಲಿ ಬಂಪರಿನ ಎತ್ತರಕ್ಕೇ ಬಂದಿರುತ್ತದೆ. ಒಮ್ಮೆ ಟೇಪು ಹಿಡಿದು ಅಳೆದು ಇಡಿ. ಇನ್ನೊಂದು, ಜೀಪು ಹೋಗುವಾಗ ಅಲೆ ಎಬ್ಬಿಸಿ ಹೋಗುತ್ತದೆ. ನೀವೂ ಗಾಬರಿಯಲ್ಲಿ ಆಕ್ಸಿಲೇಟರ್ ಒತ್ತಿ ನಿಮ್ಮದೇ ಅಲೆ ಎಬ್ಬಿಸಿದಿರಿ. ಇಳಿದ ಮೇಲೆ ನಡೆಯುವ ವೇಗ, ಒಂದೇ ಸಮ, ನಿಲ್ಲಿಸದೆ. ಅರ್ಧ ದಾರಿಯಲ್ಲಿ ಗೇರು ಬದಲಿಸಲೇಬಾರದು.

ಆದರೆ ನಾನು ಹೇಳಬೇಕೆಂದಿರುವುದು ಎಂಜಿನ್ ವಿಷಯ ಅಲ್ಲ. ಹರಿಯುವ ನೀರು ಬೇರೆಯೇ. ಸಣ್ಣ ಕಾರಿನ ತಳ ಮೂರೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಅಂತ ಇಟ್ಟುಕೊಳ್ಳಿ. ತಳ ಮುಟ್ಟಿದ ಮೇಲೆ ನೀರು 10 ಸೆಂ.ಮೀ. ಏರಿದರೆ ಅದು ಕಾರನ್ನು ಸುಮಾರು ಅರ್ಧ ಟನ್ ಬಲದಲ್ಲಿ ಮೇಲೆ ಎತ್ತುತ್ತದೆ. ಇನ್ನೊಂದು 10 ಸೆಂ.ಮೀ. ಏರಿದರೆ ಒಂದು ಟನ್. ನಿಮ್ಮ ಕಾರಿನ ತೂಕವೇ ಅಷ್ಟು. ತಳ ನೆಲದಿಂದ 17 ಸೆಂ.ಮೀ. ಮೇಲಿದ್ದರೆ, ಮೊಣಕಾಲು ಮುಟ್ಟುವ ಮೊದಲೇ ಚಕ್ರಕ್ಕೆ ನೆಲ ಹಗುರವಾಗುತ್ತದೆ. ಆಗ ಬದಿಯಿಂದ ನೀರು ನೂಕಿದರೆ ಸ್ಟಿಯರಿಂಗ್ ಹಿಡಿದು ಕೂತದ್ದೇ ಬಂತು. ಬದಿಯಲ್ಲಿ ಗೋಡೆ ಇಲ್ಲದ ಸಂಕ ಆದರೆ ನೇರ ತೋಡಿಗೆ. ನಿಮಗೆ ಎಂಜಿನ್ ಹೋಯಿತು. ಕಾರು ಸಂಕದ ಮೇಲೆಯೇ ನಿಂತಿತಲ್ಲ, ಒಂದು ತೆಂಗಿನಕಾಯಿ ಒಡೆಯಿರಿ.

ಪೆರ್ಲದ ಅಡಿಕೆ:

ಇದನ್ನು ಅಮ್ಮನಿಗೆ ಓದಿ ಹೇಳಲಿಲ್ಲ.

ಬಂದಡ್ಕದ ಮಾವ:

ಈಗಿನವರಿಗೆ ಹೆದರಿಕೆ ಜಾಸ್ತಿ. ನಾನು 1984ರಿಂದ ಜೀಪು ಬಿಟ್ಟವನು. ಡಾಮರು ಇಲ್ಲದ ಕಾಲದಲ್ಲಿ ಈ ಗುಡ್ಡೆಗಳಲ್ಲಿ ಹತ್ತಿ ಇಳಿದಿದ್ದೇವೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟರೆ ಡೀಸೆಲ್ ಉಳಿತಾಯ, ಎಂಜಿನಿಗೂ ಆರಾಮ. ಮಳೆಗಾಲದಲ್ಲಿ ಟಯರಿಗೆ ಗಾಳಿ ನಾಲ್ಕೈದು ಕಡಿಮೆ ಹಾಕಿದರೆ ರಸ್ತೆಗೆ ಅಂಟಿ ಹಿಡಿಯುತ್ತದೆ. ಇದು ಪುಸ್ತಕದಲ್ಲಿ ಇರುವುದಿಲ್ಲ.

ಟಿಪ್ಪರ್ ಬೋವಿಕ್ಕಾನ:

ಮಾವ, ನಿಮ್ಮ ಅನುಭವಕ್ಕೆ ಕೈ ಮುಗಿದೆ. ಆದರೆ ನ್ಯೂಟ್ರಲ್ ವಿಷಯ ಮಾತ್ರ ದಯವಿಟ್ಟು ಹೊಸಬರಿಗೆ ಹೇಳಬೇಡಿ.

ಭಾಗಮಂಡಲದಿಂದ ಕರಿಕೆ ಆಗಿ ಪಾಣತ್ತೂರಿಗೆ ಇಳಿಯುವ ದಾರಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು. 2021ರ ಜನವರಿಯಲ್ಲಿ ಪಾಣತ್ತೂರು ಹತ್ತಿರ ಮದುವೆ ದಿಬ್ಬಣದ ಬಸ್ಸು ಇಳಿಜಾರಿನಲ್ಲಿ ಹತೋಟಿ ತಪ್ಪಿ ಮನೆಯ ಮೇಲೆ ಹೋಗಿ ಬಿದ್ದದ್ದು ನೆನಪುಂಟಲ್ಲ. ಅದು ಮಳೆಗಾಲವೂ ಅಲ್ಲ. ಆ ದಾರಿಯಲ್ಲಿ ಆಮೇಲೆ ನಾನು ಹೋಗುವಾಗೆಲ್ಲ ಅಲ್ಲಿ ನಿಧಾನ ಮಾಡುತ್ತೇನೆ, ಕೈ ತಾನಾಗಿ ಗೇರಿಗೆ ಹೋಗುತ್ತದೆ.

ನನಗೂ ಒಮ್ಮೆ ಅಲ್ಲೇ ಆಗಿದೆ. ಹೊಸತಾಗಿ ಲಾರಿ ಹಿಡಿದ ಕಾಲ. ಸಿಮೆಂಟು ಲೋಡು, ಥರ್ಡ್ ಗೇರಿನಲ್ಲಿ ಇಳಿಯುತ್ತಿದ್ದೆ, ಬ್ರೇಕ್ ಮೇಲೆ ಕಾಲು ಇಟ್ಟೇ ಇದ್ದೆ. ಒಂದು ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಕ್ಲೀನರ್ ವಯಸ್ಸಾದ ಮನುಷ್ಯ. "ಕಾಲು ತೆಗಿ, ಗೇರು ಇಳಿಸು, ಗುಡ್ಡೆ ಬದಿ ಹಿಡಿ" ಅಂತ ಒಂದೇ ಉಸಿರಿಗೆ ಬೊಬ್ಬೆ ಹಾಕಿದರು. ಒಂದೊಂದೇ ಗೇರು ಇಳಿಸಿ, ಸ್ವಲ್ಪ ಮಟ್ಟಸ ಜಾಗ ಸಿಕ್ಕಿದಲ್ಲಿ ನಿಲ್ಲಿಸಿದೆ. ಡ್ರಮ್ಮಿನಿಂದ ಹೊಗೆ. ನಾನು ನೀರು ಹಾಕಲು ಹೋದೆ, ಅವರು ಬಾಲ್ದಿ ಕಸಿದುಕೊಂಡರು. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೀಳು ಬಿಡುತ್ತದೆ. ಒಂದು ಗಂಟೆ ಸುಮ್ನೆ ಕೂತೆವು. ಅವತ್ತು ಅವರು ಹೇಳಿದ್ದು ಇಷ್ಟೇ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ತಿರುವು ಶುರುವಾಗುವ ಮೊದಲೇ ಗೇರು ಹಾಕಿ ಇಟ್ಟುಕೋ, ಇಳಿಯಲು ಶುರು ಮಾಡಿದ ಮೇಲೆ ಹುಡುಕಬೇಡ.

ಬ್ರೇಕ್ ಪೂರ್ತಿ ಹೋದರೆ ಎಂಜಿನ್ ಆಫ್ ಮಾಡಬೇಡಿ. ಕೆಲವರು ಗಾಬರಿಯಲ್ಲಿ ಕೀ ತಿರುಗಿಸುತ್ತಾರೆ. ಆಗ ಪವರ್ ಸ್ಟಿಯರಿಂಗೂ ಹೋಗುತ್ತದೆ. ಕಾರಾದರೆ ಪೆಡಲ್ ಬೇಗ ಬೇಗ ಒತ್ತಿ ಬಿಡಿ, ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ನಿಧಾನಕ್ಕೆ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರಿ ತಿರುಗುತ್ತದೆ. ಕೊನೆಗೆ ಗುಡ್ಡೆ ಬದಿಯ ಮಣ್ಣಿಗೆ ಉಜ್ಜಿ ನಿಲ್ಲಿಸಿದರೂ ಲಾಭವೇ, ಇನ್ನೊಂದು ಬದಿಯಲ್ಲಿ ಇರುವುದು ಬರೀ ಗಾಳಿ.

ಗ್ಯಾರೇಜ್ ಬದಿಯಡ್ಕ:

ಮಾವನ ಉಳಿತಾಯದ ಲೆಕ್ಕ ಹಳೆಯ ಜೀಪಿಗೆ ಸರಿ ಇರಬಹುದು. ಈಗಿನ ಗಾಡಿಯಲ್ಲಿ ಗೇರಿನಲ್ಲೇ ಆಕ್ಸಿಲೇಟರ್ ಬಿಟ್ಟು ಇಳಿದರೆ ಎಂಜಿನಿಗೆ ಎಣ್ಣೆ (ಡೀಸೆಲ್, ಪೆಟ್ರೋಲ್) ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಐಡಲಿಂಗಿಗೆ ಎಣ್ಣೆ ಬೇಕು. ಅಂದರೆ ನ್ಯೂಟ್ರಲಿನಲ್ಲೇ ಖರ್ಚು ಜಾಸ್ತಿ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು, ಯಾಕೆಂದರೆ ಗಿರಾಕಿಗಳು ಎಂಜಿನ್ ಆಯಿಲ್ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಊರಿನ ಹವೆಯಲ್ಲಿ ಉಪ್ಪಿನ ಡಬ್ಬದ ಗತಿ ನೋಡಿದ್ದೀರಲ್ಲ, ಹಾಗೆಯೇ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸತು ಇದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಅಳತೆ. ತೇವ ಹೀರಿದ ಮೇಲೆ ಅದೇ ಅಳತೆ 140. ಡಾಟ್ 4 ಆದರೆ 230 ಮತ್ತು 155. ಗುಡ್ಡೆ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಗಾಡಿ ನಿಲ್ಲುವುದಿಲ್ಲ. ಪ್ಯಾಡ್ ಹೊಸತೇ ಇರಬಹುದು, ಆದರೂ ಬ್ರೇಕ್ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದುಕೊಂಡವರು ಮೊದಲ ವಾರವೇ ಬದಲಿಸಿ, ಹಿಂದಿನವರು ಬದಲಿಸಿದ್ದೇವೆ ಅಂದದ್ದನ್ನು ನಂಬಬೇಡಿ. ಅಡಿಕೆಯವರೇ, ನಿಮ್ಮದರಲ್ಲಿ ಬದಲಿಸಿದ್ದಾರಾ?

ಪೆರ್ಲದ ಅಡಿಕೆ:

ಕೇಳಿಯೇ ಇಲ್ಲ. ಈಗ ಫೋನು ಮಾಡುತ್ತೇನೆ.

ದುಬೈ ರಿಟರ್ನ್:

ಗಾಳಿ ಕಡಿಮೆ ಹಾಕುವ ಮಾತಿಗೂ ಉತ್ತರ ಕೊಟ್ಟುಬಿಡುತ್ತೇನೆ, ಮಾವ ಬೇಸರ ಮಾಡಬಾರದು. ಕೆಸರಿನ ಗದ್ದೆ ದಾರಿಗೆ, ಮರಳಿಗೆ ಅದು ಸರಿ. ಮರುಭೂಮಿಯಲ್ಲಿ ನಾವೂ ಗಾಳಿ ಇಳಿಸುತ್ತಿದ್ದೆವು. ಆದರೆ ಡಾಮರಿನ ಮೇಲೆ ನಿಂತ ನೀರಿನಲ್ಲಿ ಪೂರ್ತಿ ಉಲ್ಟಾ. ವಿಮಾನದ ಟಯರಿಗಾಗಿ ಮಾಡಿದ ಒಂದು ಹಳೆಯ ಸೂತ್ರ ಉಂಟು. ಅದರ ಪ್ರಕಾರ 32 ಪಿಎಸ್‌ಐ ಗಾಳಿ ಇದ್ದರೆ ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲಿ ಟಯರ್ ನೀರಿನ ಮೇಲೆ ತೇಲಲು ಶುರು. 24ಕ್ಕೆ ಇಳಿಸಿದರೆ 82ರಲ್ಲೇ ತೇಲುತ್ತದೆ. ಕಾರಿಗೆ ಇದು ಅಂದಾಜು ಮಾತ್ರ, ಆದರೆ ಯಾವ ಕಡೆಗೆ ಹೋಗುತ್ತದೆ ಅಂತ ಗೊತ್ತಾಯಿತಲ್ಲ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ಉಂಟು, ಅದರಲ್ಲಿ ಬರೆದಷ್ಟೇ ಹಾಕಿ.

ಟಯರಿನ ಗೆರೆಯ ಆಳ ಕಾನೂನಿನ ಪ್ರಕಾರ 1.6 ಮಿ.ಮೀ. ಇದ್ದರೆ ಸಾಕು. ಹೊಸ ಟಯರಿನಲ್ಲಿ ಸುಮಾರು 8 ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಮಳೆಗೆ 3ರ ಕೆಳಗೆ ಬಂದದ್ದನ್ನು ಮೇ ತಿಂಗಳಲ್ಲೇ ಬದಲಿಸಬೇಕು. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಗೆರೆ ಚೆನ್ನಾಗಿದ್ದರೂ ರಬ್ಬರ್ ಒಣಗಿ ಕಲ್ಲಾಗಿರುತ್ತದೆ. ಮನೆಯಲ್ಲೇ ನಿಂತಿರುವ ಕಾರುಗಳದ್ದು ಇದೇ ಕಥೆ.

ಬಂದಡ್ಕದ ಮಾವ:

ನ್ಯೂಟ್ರಲ್ ವಿಷಯ ಹಿಂದೆ ತೆಗೆದುಕೊಂಡೆ. ಪಾಣತ್ತೂರಿನ ದಿನ ನಾನೂ ಅಲ್ಲಿಗೆ ಹೋಗಿದ್ದೆ, ಅದರ ಬಗ್ಗೆ ಬರೆಯಲು ಮನಸ್ಸಿಲ್ಲ. ಗಾಳಿಯ ವಿಷಯ ಮಾತ್ರ ನಮ್ಮ ಮನೆ ದಾರಿಗೆ ನಾನು ಹೇಳಿದ್ದೇ ಸರಿ. ನಮ್ಮಲ್ಲಿ ಗಂಟೆಗೆ 82 ಹೋಗಲು ಜಾಗ ಎಲ್ಲುಂಟು?

ಸ್ಕೂಟರ್ ಟೀಚರ್:

ಎಲ್ಲರೂ ಕಾರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ದಿನಾ ಸೀತಾಂಗೋಳಿ ದಾರಿಯಲ್ಲಿ ಸ್ಕೂಟರಿನಲ್ಲಿ ಹೋಗಿ ಬರುವವಳು. ನಮ್ಮ ಕಷ್ಟ ಬೇರೆ.

ಕೆಂಪುಕಲ್ಲಿನ ಲಾರಿಗಳು ಕೋರೆಯಿಂದ ಹೊರಗೆ ಬರುವಲ್ಲಿ ಡಾಮರಿನ ಮೇಲೆ ಕೆಂಪು ಮಣ್ಣು ಬಿದ್ದಿರುತ್ತದೆ. ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ. ಹನಿ ಮಳೆಯಲ್ಲಿ ಅದು ಸಾಬೂನು. ವರ್ಷದ ಮೊದಲ ಮಳೆಗೂ ಹಾಗೆಯೇ, ಬೇಸಿಗೆಯ ಧೂಳು, ಎಣ್ಣೆ ಎಲ್ಲ ಎದ್ದು ಬರುತ್ತದೆ. ನಾನು ಬಿದ್ದದ್ದು ಎರಡು ಸಲ, ಎರಡೂ ಸಲ ಮಳೆ ಜೋರಿರಲಿಲ್ಲ. ಒಮ್ಮೆ ಕೆಂಪು ಮಣ್ಣು, ಇನ್ನೊಮ್ಮೆ ರಸ್ತೆಯ ಬಿಳಿ ಪಟ್ಟೆ. ಪೈಂಟ್ ಮೇಲೆ ಬ್ರೇಕ್ ಹಾಕಬಾರದು ಅಂತ ಮೊಣಕಾಲು ಒಡೆದ ಮೇಲೆ ಗೊತ್ತಾಯಿತು.

ಹೊಂಡದಲ್ಲಿ ನೀರು ತುಂಬಿದರೆ ಅದರ ಆಳ ದೇವರಿಗೇ ಗೊತ್ತು. ಎದುರಿನ ಗಾಡಿಯ ಚಕ್ರ ಹೋದ ಗೆರೆಯಲ್ಲೇ ಹೋಗುತ್ತೇನೆ. ನೀರು ದಾಟಿದ ಮೇಲೆ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ. ಮೆಲ್ಲ ಹೋಗುತ್ತಾ ಎರಡು ಮೂರು ಸಲ ಹಗುರವಾಗಿ ಹಿಡಿದು ಒಣಗಿಸಿಕೊಳ್ಳಬೇಕು. ಹೆಲ್ಮೆಟಿನ ಗಾಜಿಗೆ ಮಂಜು ಕೂರುವುದಕ್ಕೆ, ಒಳಬದಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸವರಿ ಒಣ ಬಟ್ಟೆಯಲ್ಲಿ ಒರೆಸಿ. ಅರ್ಧ ದಿನಕ್ಕೆ ಸಾಕು.

ಇನ್ನು ಕೊಡೆ. ಹಿಂದೆ ಕೂತವರು ಕೊಡೆ ಬಿಡಿಸಿ ಹಿಡಿಯುವುದನ್ನು ನಿಲ್ಲಿಸಿ ಎಂದು ನಾನು ಮಕ್ಕಳ ತಂದೆ ತಾಯಿಯರಿಗೆ ಎಷ್ಟು ಸಲ ಹೇಳಿದ್ದೇನೋ. ಗಾಳಿ ಕೊಡೆಗೆ ಹಿಡಿದರೆ ಹಿಂದಿನವರು ಹಿಂದಕ್ಕೆ ಹೋಗುತ್ತಾರೆ, ಬಿಡುವವರ ಕಣ್ಣಿಗೆ ಕೊಡೆಯ ಅಂಚು. ಮಗು ಒಂದು ಮಧ್ಯದಲ್ಲಿ. ಒದ್ದೆಯಾದರೆ ಬಟ್ಟೆ ಬದಲಿಸಬಹುದಲ್ಲ!

ಕೊನೆಗೆ ಕಾರಿನವರಿಗೆ ಒಂದು ಬೇಡಿಕೆ. ಮಳೆ ಬಂದ ಕೂಡಲೇ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಬೇಡಿ. ನೀವು ನಿಂತಿದ್ದೀರೋ, ಹೋಗುತ್ತಿದ್ದೀರೋ, ಎಡಕ್ಕೆ ತಿರುಗುತ್ತೀರೋ ಹಿಂದೆ ಇರುವ ನನಗೆ ಗೊತ್ತಾಗುವುದಿಲ್ಲ. ಹೆಡ್‌ಲೈಟ್ ಡಿಮ್ ಹಾಕಿ, ಹಿಂದಿನ ಕೆಂಪು ದೀಪವೂ ಉರಿಯುತ್ತದೆ. ನಾಲ್ಕು ಇಂಡಿಕೇಟರ್ ಇರುವುದು ಗಾಡಿ ಕೆಟ್ಟು ನಿಂತಾಗ.

ಕುಂಬಳೆ ಕಡಲು:

ಟೀಚರ್, ತಪ್ಪಾಯಿತು. ನಾನೂ ಹಾಕುತ್ತಿದ್ದೆ. ಹೆದ್ದಾರಿಯಲ್ಲಿ ಎಲ್ಲರೂ ಹಾಕುತ್ತಾರಲ್ಲ ಅಂತ.

ಕಡಲ ಬದಿಯವರಿಗೆ ನನ್ನ ಲೆಕ್ಕದ್ದು ಒಂದು: ಉಪ್ಪು ಗಾಳಿಗೆ ಬಾಗಿಲಿನ ಕೆಳ ಅಂಚು ಮೊದಲು ಹೋಗುತ್ತದೆ. ಅಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತುಗಳು ಉಂಟು, ಕೆಸರು ಹಿಡಿದು ಮುಚ್ಚಿರುತ್ತವೆ. ಈರ್ಕಿಲು ಕಡ್ಡಿಯಲ್ಲಿ ಬಿಡಿಸಿ. ಗಾಜಿಗೆ ಒಳಗಿನಿಂದ ಮಂಜು ಕೂತರೆ ಬಟ್ಟೆ ಹಿಡಿದು ಒರೆಸುತ್ತಾ ಬಿಡಬೇಡಿ. ಎಸಿ ಹಾಕಿ, ಹೊರಗಿನ ಗಾಳಿ ಬರುವ ಹಾಗೆ ಮಾಡಿ, ಗಾಳಿಯನ್ನು ಗಾಜಿಗೆ ತಿರುಗಿಸಿ. ಅರ್ಧ ನಿಮಿಷ.

ಪುತ್ತೂರಿನ ಅಳಿಯ:

ನಾನು ಗಡಿಯ ಆಚೆಯವನು. ಹೆಂಡತಿ ಮನೆ ಆದೂರು ಹತ್ತಿರ. ನನ್ನ ಕಷ್ಟ ಯಾರಿಗೂ ಇರಲಿಕ್ಕಿಲ್ಲ. ಹೋದ ವರ್ಷ ಜುಲೈಯಲ್ಲಿ ರಾತ್ರಿ ಬರುವಾಗ ರಸ್ತೆಯ ನಡುವೆ ಒಂದು ಬೋರ್ಡು ಇಟ್ಟಿದ್ದರು. ಪೂರ್ತಿ ಮಲಯಾಳ. ನಾನು ಯಾವುದೋ ಉತ್ಸವದ್ದು ಅಂತ ಬದಿಯಲ್ಲಿ ನುಗ್ಗಿಸಿದೆ. 200 ಮೀಟರ್ ಹೋದ ಮೇಲೆ ರಸ್ತೆ ಅರ್ಧ ಇರಲಿಲ್ಲ. ತೋಡಿಗೆ ಜರಿದಿತ್ತು. ಆ ಬೋರ್ಡಿನಲ್ಲಿ ಬರೆದದ್ದು ಅದೇ ಅಂತ ಮಾವನವರು ಮಾರನೇ ದಿನ ಹೇಳಿದರು. ಮಲಯಾಳ ಓದಲು ಬಾರದವರು ಎಂತ ಮಾಡಬೇಕು?

ಸ್ಕೂಟರ್ ಟೀಚರ್:

ಅಕ್ಷರ ಕಲಿಯಲು ಒಂದು ತಿಂಗಳು ಸಾಕು. ಅಷ್ಟರವರೆಗೆ ನಾಲ್ಕು ಮಾತು ಕಿವಿಯಲ್ಲಿ ಇಟ್ಟುಕೊಳ್ಳಿ, ಹೆಂಡತಿಯ ಹತ್ತಿರ ಬರೆಸಿ ಅದರ ಆಕಾರ ನೋಡಿಟ್ಟುಕೊಳ್ಳಿ. "ವೇಗತ ಕುರಯ್ಕ್ಕುಕ" ಅಂದರೆ ವೇಗ ಕಡಿಮೆ ಮಾಡಿ. "ಗತಾಗತಂ ನಿರೋಧಿಚ್ಚಿರಿಕ್ಕುನ್ನು" ಅಂದರೆ ಸಂಚಾರ ನಿಷೇಧ. ನಿಮ್ಮ ಬೋರ್ಡಿನಲ್ಲಿ ಇದೇ ಇದ್ದಿರಬೇಕು. "ಮಣ್ಣಿಡಿಚ್ಚಿಲ್" ಮಣ್ಣು ಜರಿಯುವುದು. "ಉರುಳ್‌ಪೊಟ್ಟಲ್" ಅಂದರೆ ಗುಡ್ಡವೇ ಒಡೆದು ನೀರು, ಕಲ್ಲು, ಮಣ್ಣು ಒಟ್ಟಿಗೆ ಬರುವುದು. "ಅಪಕಟ" ಅಂತ ಎಲ್ಲಿ ಕಂಡರೂ ನಿಲ್ಲಿ, ನಮ್ಮ ಅವಘಡ ಇದ್ದ ಹಾಗೆಯೇ ಕೇಳುತ್ತದೆ.

ರೇಡಿಯೋ, ಟಿವಿಯಲ್ಲಿ ಆರೆಂಜ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ. ಮಳೆ. ಅದರ ಮೇಲಿನದು ರೆಡ್. ನಮ್ಮ ಮನೆಯಲ್ಲಿ ಇಷ್ಟೆಲ್ಲ ನೋಡುವುದಿಲ್ಲ. ಕಲೆಕ್ಟರ್ ಶಾಲೆಗೆ ರಜೆ ಕೊಟ್ಟರಾ ಅಂತ ಮಕ್ಕಳು ಬೆಳಗ್ಗೆ ಐದಕ್ಕೇ ಎದ್ದು ನೋಡುತ್ತಾರೆ. ರಜೆ ಅಂದರೆ ಸ್ಕೂಟರೂ ಶೆಡ್ಡಿನಲ್ಲಿ.

ಟಿಪ್ಪರ್ ಬೋವಿಕ್ಕಾನ:

ಗುಡ್ಡೆಯ ಮಾತು ಬಂತಲ್ಲ. ಹೆದ್ದಾರಿ ಅಗಲ ಮಾಡಲು ಗುಡ್ಡೆಯನ್ನು ನೇರ ಗೋಡೆ ಹಾಗೆ ಕಡಿದ ಜಾಗದಲ್ಲಿ ಮಳೆ ನಿಲ್ಲಲಿ ಅಂತ ಗಾಡಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಗುಡ್ಡ ಜರಿದಾಗ ಇದೇ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ನಿಂತಿದ್ದ ಗಾಡಿಗಳು ಗಂಗಾವಳಿ ನದಿಗೆ ಹೋದವು. ನಮ್ಮಲ್ಲಿ ಚೆರುವತ್ತೂರಿನ ವೀರಮಲೆ ಬದಿಯಲ್ಲೂ ಜರಿದಿದೆ. ಚಾಯ ಕುಡಿಯುವುದಿದ್ದರೆ ಬಯಲು ಜಾಗ ನೋಡಿ ನಿಲ್ಲಿಸಿ. ಗುಡ್ಡೆಯಿಂದ ಯಾವಾಗಲೂ ಬರುವ ತಿಳಿ ನೀರು ಒಮ್ಮೆಲೇ ಕೆಂಪಾದರೆ, ಸಣ್ಣ ಕಲ್ಲು ಉರುಳಿದರೆ, ಮರ ವಾಲಿದ್ದು ಕಂಡರೆ ಅಲ್ಲಿಂದ ಹೊರಡಿ.

ಅಳಿಯನವರೇ, ಆದೂರು-ಕೊಟ್ಯಾಡಿ ಕಡೆ ರಾತ್ರಿ ಆನೆಯೂ ಉಂಟು. ಕಂಡರೆ ಹಾರ್ನ್ ಹೊಡೆಯಬೇಡಿ, ಬ್ರೈಟ್ ಹಾಕಬೇಡಿ. ದೂರದಲ್ಲೇ ನಿಲ್ಲಿಸಿ ಹಿಂದಕ್ಕೆ ತೆಗೆಯಿರಿ. ಹಂದಿ ಆದರೆ ಒಂದು ದಾಟಿತು ಅಂತ ಹೊರಡಬೇಡಿ, ಹಿಂದೆ ಮರಿಗಳ ಸಾಲು ಇರುತ್ತದೆ.

ಪುತ್ತೂರಿನ ಅಳಿಯ:

ಹೆಂಡತಿ ಮನೆಗೆ ಹೋಗದಿರಲು ಇಷ್ಟು ಕಾರಣ ಸಾಕು. ಇದನ್ನು ಅವಳಿಗೆ ಕಳುಹಿಸುತ್ತೇನೆ.

ಗ್ಯಾರೇಜ್ ಬದಿಯಡ್ಕ:

ಇಲಿಯನ್ನು ಯಾರೂ ಹೇಳಲಿಲ್ಲ! ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ವೈರಿಂಗ್ ಕೆಲಸದಲ್ಲಿ ದೊಡ್ಡ ಪಾಲು ಅದರದ್ದೇ. ಅಡಿಕೆ, ತೆಂಗಿನಕಾಯಿ ರಾಶಿ ಹಾಕಿದ ಕೊಟ್ಟಿಗೆಯಲ್ಲೇ ಕಾರು ಇಡುತ್ತೀರಿ, ರಾತ್ರಿ ಎಂಜಿನ್ ಬೆಚ್ಚಗಿರುತ್ತದೆ, ಇಲಿ ಬಾರದೆ ಇರುತ್ತದಾ? ಮದ್ದು, ಹೊಗೆಸೊಪ್ಪು ಎಲ್ಲ ಕೆಲವು ದಿನ. ರಾಶಿಯಿಂದ ದೂರ ಇಡಿ, ವಾರಕ್ಕೆರಡು ಸಲ ಬಾನೆಟ್ ತೆರೆದು ನೋಡಿ. ಅಷ್ಟೇ.

ಪೆರ್ಲದ ಅಡಿಕೆ:

ನಾಲ್ಕು ವಾರ ಕಳೆದು ಬರೆಯುತ್ತಿದ್ದೇನೆ. ಕಾರು ಬಂತು. ಬ್ರೇಕ್ ಆಯಿಲ್ ಬದಲಾಯಿತು, ಹಳೆಯದು ಕಷಾಯದ ಬಣ್ಣ ಇತ್ತು. ಹಿಂದಿನ ಎರಡು ಟಯರ್ ಹೊಸತು. ಗಾಳಿ ಎಳೆಯುವ ಬಾಯಿಯನ್ನು ಟೇಪಿನಲ್ಲಿ ಅಳೆದೆ, ನೆಲದಿಂದ 62 ಸೆಂ.ಮೀ. ಕೊಟ್ಟಿಗೆಯಲ್ಲಿದ್ದ ಅಡಿಕೆ ಚೀಲಗಳನ್ನು ಅಟ್ಟಕ್ಕೆ ಹಾಕಿದೆ, ಬೆನ್ನು ಹಿಡಿದದ್ದು ಬೇರೆ.

ಸಂಕದ ಬುಡದಲ್ಲಿ ಒಂದು ಕಲ್ಲಿನ ಕಂಬ ಉಂಟು. ಬೇಸಿಗೆಯ ಸುಣ್ಣ ಉಳಿದಿತ್ತು, ಅದು ನಿಲ್ಲುವುದಿಲ್ಲ ಅಂತ ನೆರೆಮನೆಯ ಹುಡುಗ ಆಯಿಲ್ ಪೈಂಟ್ ತಂದ. ಮಳೆ ಬಿಟ್ಟ ಒಂದು ಮಧ್ಯಾಹ್ನ ಇಬ್ಬರೂ ಸೇರಿ ಸಂಕದ ಮಟ್ಟದಿಂದ ಅರ್ಧ ಅಡಿಗೆ ಒಂದು ಬಿಳಿ ಗೆರೆ, ಒಂದು ಅಡಿಗೆ ಕೆಂಪು ಗೆರೆ ಎಳೆದೆವು. ಬಿಳಿ ಮುಳುಗಿದರೆ ಕಾರನ್ನು ಮೇಲೆ ರಸ್ತೆ ಬದಿಯ ಅಂಗಡಿಯ ಅಂಗಳದಲ್ಲಿ ಬಿಟ್ಟು, ಕಾಲುದಾರಿಯ ಮರದ ಪಾಲದಲ್ಲಿ ನಡೆದು ಬರುವುದು ಅಂತ ಮನೆಯಲ್ಲಿ ಮಾತಾಗಿದೆ.

ನಿನ್ನೆ ಸಂಜೆ ಬಿಳಿ ಗೆರೆ ಇರಲಿಲ್ಲ. ಅಂಗಡಿಯಲ್ಲಿ ಕಾರು ಬಿಟ್ಟು ಒಂದು ಚಾಯ ಕುಡಿಯುತ್ತಾ ನಿಂತಿದ್ದೆ. ಅದೇ ಜೀಪು ಬಂತು. ನನಗೆ ಕೈ ಬೀಸಿ, ಕಂಬದ ಕಡೆ ನೋಡದೆಯೇ ಇಳಿಸಿದರು. ದಾಟಿಯೂ ದಾಟಿದರು ಮಾರಾಯ್ರೆ.

ಗ್ಯಾರೇಜ್ ಬದಿಯಡ್ಕ:

ಆ ಜೀಪಿನವರಿಗೆ ನನ್ನ ನಂಬರ್ ಕೊಟ್ಟಿಡಿ.